ಮಂಚದ ಮೇಲಿಂದ ಕಡೂರಿಗೆ

"ಹೋಯ್ತು ಕಣವ್ವಾ," ಎಂದ ಸತೀಶ. ಅರ್ಧ ಮುಗಿದಿದ್ದ ಬೇಕರಿ ಬೋರ್ಡು ಪರದೆಯಿಂದ ಮಾಯವಾಗಿ, ಅವನ ಹಳೆಯ ಲ್ಯಾಪ್‌ಟಾಪು ಏನೂ ಅರಿಯದಂತೆ ಕೂತಿತ್ತು.

ಹುಲಿಯಮ್ಮ ಮುದ್ದೆ ಕೋಲನ್ನು ಅಲ್ಲೇ ಬಿಟ್ಟು ಒಲೆ ಮುಂದಿನಿಂದ ಎದ್ದು ಬಂದಳು. ಕಡೂರಿನಲ್ಲಿ ಕರೆಂಟು ಹೋದರೆ ಯಗಟಿಯಲ್ಲಿ ಮಗನ ಮುಖ ಬಾಡುತ್ತದೆ ಎಂಬುದು ಆ ವಾರದಲ್ಲಿ ಅವಳಿಗೆ ಚೆನ್ನಾಗಿ ತಿಳಿದುಹೋಗಿತ್ತು.

ತೆಂಗಿನ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಮೇಲೆ ಸತೀಶ ತಾನಾಗಿ ಮಂಚ ಇಳಿದವನಲ್ಲ. ಮಲಗಿದಲ್ಲೇ ಫ್ಲೆಕ್ಸ್ ಬೋರ್ಡು ಡಿಸೈನ್ ಮಾಡುವುದನ್ನು ಕಲಿತಿದ್ದ. ಅವನ ಕೈಚಳಕ ನೋಡಿ ಕಡೂರಿನ ಫ್ಲೆಕ್ಸ್ ಅಂಗಡಿಯ ಈರಭದ್ರಪ್ಪ ಕೆಲಸ ಕೊಟ್ಟಿದ್ದ. ಆದರೆ ಅದಕ್ಕೆ ಬೇಕಾದ ದೊಡ್ಡ ಕಂಪ್ಯೂಟರು ಇದ್ದದ್ದು ಅಂಗಡಿಯಲ್ಲಿ. ಅದನ್ನು ಮಂಚದಿಂದಲೇ ಆಡಿಸುವ ಏರ್ಪಾಟನ್ನು ಇಂಟರ್‌ನೆಟ್ ಕೇಬಲ್ ಎಳೆಯುವ ಸುರೇಶ್ ಮಾಡಿಕೊಟ್ಟ. ಉದ್ದನೆಯ ಒಂದು ನಂಬರು ಒತ್ತಿದರೆ ಕಡೂರಿನ ಕಂಪ್ಯೂಟರು ಯಗಟಿಯಲ್ಲಿ ತೆರೆದುಕೊಳ್ಳುತ್ತಿತ್ತು. ಸಂಕಟವೆಂದರೆ, ಕರೆಂಟು ಹೋಗಿ ಬಂದಾಗಲೆಲ್ಲ ಆ ನಂಬರು ಬದಲಾಗುತ್ತಿತ್ತು.

ಹೊಸ ನಂಬರು ಕೇಳಲು ಸತೀಶ ಮಾಡಿದ ಫೋನಿನಲ್ಲಿ ಈರಭದ್ರಪ್ಪನ ದನಿ ಒಲೆಯವರೆಗೂ ಕೇಳಿಸಿತು. "ಲೇ ಸತೀಶ, ಗಿರಾಕೀನ ಬಿಟ್ಟು ದಿನಾ ನಿಂಗೆ ನಂಬರ್ ಓದಿ ಹೇಳ್ತಾ ಕೂರಕ್ಕಾಯ್ತದೇನೋ? ಇನ್ನೊಂದ್ಸಲ ಹಿಂಗಾದ್ರೆ ಇಲ್ಲೇ ಯಾರನ್ನಾದ್ರೂ ಇಟ್ಕೋತೀನಿ. ಬೇಜಾರ್ ಮಾಡ್ಕೋಬ್ಯಾಡ ಕಣಪ್ಪಾ."

ಹುಲಿಯಮ್ಮ ಮಗನ ಮುಖ ನೋಡಿದಳು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎಂದರೆ ಇದೇ. ಕೆಲಸ ಸಿಕ್ಕ ಮೇಲೆ ಮಗ ಬೆಳಿಗ್ಗೆ ತಾನೇ ಕನ್ನಡಿ ಕೇಳಿ ತಲೆ ಬಾಚಿಕೊಳ್ಳುತ್ತಿದ್ದ. ಅವನು ಮತ್ತೆ ಗೋಡೆ ಕಡೆ ಮುಖ ಮಾಡಿ ಮಲಗುವುದನ್ನು ನೋಡುವ ಶಕ್ತಿ ಅವಳಿಗಿರಲಿಲ್ಲ.

ಮಾರನೆಯ ದಿನ ಸುರೇಶ್ ಕಡೂರಿನ ಅಂಗಡಿಯಲ್ಲಿ ಏನೇನೋ ಮಾಡಿ, ಸಂಜೆ ಯಗಟಿಗೆ ಬಂದ. "ಇನ್ಮೇಲೆ ನಂಬರ್ ಬ್ಯಾಡ, ಒಂದು ಹೆಸ್ರು ಒತ್ತಿದ್ರೆ ಸಾಕು," ಎಂದ.

"ಹಂಗಾರೆ ನಂಬರ್ ಬದಲಾಗೋದು ನಿಂತೋಯ್ತಾ?" ಎಂದಳು ಹುಲಿಯಮ್ಮ.

"ಇಲ್ಲ ಕಣಕ್ಕಾ, ಅದರ ಪಾಡಿಗೆ ಅದು ಬದಲಾಗ್ತಾನೇ ಇರ್ತದೆ."

ಅವಳು ಕಣ್ಣು ಕಣ್ಣು ಬಿಟ್ಟಳು. ಸತೀಶ ನಕ್ಕ. "ಅವ್ವಾ, ಅಪ್ಪ ಇವತ್ತು ಯಾರ ಹೊಲ್ದಲ್ಲವ್ನೆ?"

ಗಂಡ ಚೌಡಪ್ಪ ಕುರಿಮಂದೆಯ ಹಿಂದೆ ಹೋದವನು. ಇವತ್ತು ಒಬ್ಬರ ಹೊಲ, ನಾಳೆ ಇನ್ನೊಬ್ಬರದು. ಅವನ ಫೋನಿಗೆ ಚಾರ್ಜು ಇದ್ದ ದಿನವೇ ಹಬ್ಬ. ಆದರೆ ಮಂದೆ ಎಬ್ಬಿಸಿದಾಗಲೆಲ್ಲ ಹೊಸ ಜಾಗವನ್ನು ಹಿರೇನಲ್ಲೂರಿನ ಒಂದು ಟೀ ಅಂಗಡಿಗೆ ತಪ್ಪದೆ ಹೇಳಿ ಕಳಿಸುತ್ತಿದ್ದ.

"ನಂಗೇನ್ ಗೊತ್ತು? ಟೀ ಅಂಗ್ಡೀಲಿ ಕೇಳ್ಬೇಕು."

"ಇದೂ ಹಂಗೇ ಕಣವ್ವಾ. ನಂಬರ್ ಬದಲಾದ ತಕ್ಷಣ ಕಡೂರಿನ ಮಿಷಿನ್ನೇ ಇಂಟರ್‌ನೆಟ್ಟಿನಾಗಿರೋ ಒಂದು ಟೀ ಅಂಗ್ಡೀಗೆ ಹೇಳ್ಬುಡ್ತದೆ. ನಾನು ಅಲ್ಲಿ ಆ ಹೆಸ್ರು ಹೇಳಿ, ನಂಬರ್ ಕೇಳ್ಕೊಂಡು ಹೋಯ್ತೀನಿ."

ಹುಲಿಯಮ್ಮ ಮೂಗಿನ ಮೇಲೆ ಬೆರಳಿಟ್ಟಳು. ಆದರೂ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡುವ ಹೆಂಗಸು ಅವಳು. ಬೆಳಿಗ್ಗೆಯೇ ಕಡೂರಿನ ಬಸ್ಸು ಹತ್ತಿದಳು.

ಅವಳು ಅಂಗಡಿಯಲ್ಲಿದ್ದಾಗಲೇ ಕರೆಂಟು ಹೋಯಿತು. ಬಂತು. ಈರಭದ್ರಪ್ಪ ಗೊಣಗುತ್ತ ಕಂಪ್ಯೂಟರಿನ ಗುಂಡಿ ಒತ್ತಿ, ಗಿರಾಕಿಗಳ ಕಡೆ ತಿರುಗಿದ. ಹುಲಿಯಮ್ಮ ಮನೆದೇವರು ಬೀರಪ್ಪನನ್ನು ನೆನೆದು, ಪರದೆಯನ್ನೇ ನೋಡುತ್ತ ನಿಂತಳು. ಪರದೆ ಬೆಳಗಿತು. ಬಹಳ ಹೊತ್ತು ಏನೂ ಆಗಲಿಲ್ಲ.

ಆಮೇಲೆ ಬಾಣದ ಗುರುತು ತಾನಾಗಿ ಅಲುಗಿತು. ಯಾರೂ ಮುಟ್ಟದ ಕಂಪ್ಯೂಟರಿನಲ್ಲಿ ಅತ್ತಿತ್ತ ಸರಿದಾಡಿ, ಬೇಕರಿ ಬೋರ್ಡು ತೆರೆದು, ಕೆಂಪು ಬಣ್ಣ ಆರಿಸಿ ಅಕ್ಷರಗಳಿಗೆ ತುಂಬತೊಡಗಿತು. ಮಂಚ ಬಿಟ್ಟು ಇಳಿಯದ ಮಗ ಕಡೂರಿಗೆ ಬಂದಿದ್ದ. ಅವಳ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಗಿರಾಕಿಯೊಬ್ಬ ಬಂದು, ಕಂಪ್ಯೂಟರಿನ ಮುಂದೆ ಖಾಲಿಯಿದ್ದ ಕುರ್ಚಿ ಎಳೆದುಕೊಂಡು ಕೂತ.

"ಏಯ್, ಏಳಪ್ಪಾ ಮ್ಯಾಕೆ!" ಹುಲಿಯಮ್ಮ ಕೂಗಿದಳು. "ನನ್ ಮಗ ಕೆಲ್ಸ ಮಾಡ್ತಾವ್ನೆ, ಕಾಣಾಕಿಲ್ವಾ?"

ಆತ ಗಾಬರಿಯಾಗಿ ಎದ್ದು ನಿಂತ. ನಗಲು ಹೊರಟ ಈರಭದ್ರಪ್ಪ ಅವಳ ಮುಖ ನೋಡಿ ತಡೆದುಕೊಂಡು, ಗಿರಾಕಿಗೆ ಒಂದು ಸ್ಟೂಲು ಎಳೆದು ಕೊಟ್ಟ.

ಹುಲಿಯಮ್ಮ ಸೆರಗಿನಿಂದ ಆ ಕುರ್ಚಿಯನ್ನು ಒರೆಸಿ, ಮೇಜಿನ ಹತ್ತಿರಕ್ಕೆ ಸರಿಸಿ ಇಟ್ಟಳು.