ಮನೆಗೆ ಹೋದವನು

"ಹೆಣಕ್ಕೇನು ಕಿವಿ ಇರುತ್ತೇನೇ ಗೂಬೆ? ಏನದು ಅದರ ಜೊತೆ ಪಿಸುಪಿಸು?"

ಮೇಸ್ತ್ರಿ ಕೂಗಿದ್ದು ಆಸ್ಪತ್ರೆಯ ಕಾರಿಡಾರಿನ ಆ ತುದಿಯಿಂದ. ಸ್ಟ್ರೆಚರ್ ತಳ್ಳುತ್ತಿದ್ದ ಅವಳು ಬಾಯಿ ಮುಚ್ಚಿಕೊಂಡಳು. ಲಿಫ್ಟಿನ ಪಕ್ಕದ ತಿರುವು ಬಂತು. ಬಿಳಿ ಬಟ್ಟೆಯ ಕೆಳಗೆ ಮಲಗಿದ್ದ ಮುದುಕಿಗೆ ಒಂದು ಮಾತೂ ಹೇಳದೆ ಶವಾಗಾರದ ಕಡೆಗೆ, ಬಲಕ್ಕೆ ತಿರುಗಿಸಿದಳು.

ತಿರುವು ಬಂದಾಗ ಯಾವ ಕಡೆಗೆಂದು ಮಲಗಿದವರಿಗೆ ಹೇಳುವುದು ಅಲ್ಲಿ ಸ್ಟ್ರೆಚರ್ ತಳ್ಳುವವರ ಪದ್ಧತಿ. ಅವಳಿಗೆ ಕಲಿಸಿದವನು ಗಾಲಿಯಣ್ಣ. ಮೂವತ್ತು ವರ್ಷ ಗಾಲಿ ತಳ್ಳಿ ತಳ್ಳಿ ಅವನ ಸ್ವಂತ ಹೆಸರು ಎಲ್ಲರಿಗೂ ಮರೆತೇಹೋಗಿತ್ತು. ಅವಳು ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದ: "ಮಲಗಿದೋರಿಗೆ ಕಾಣೋದು ಬರೀ ಸೂರು ಕಣಮ್ಮ. ತಿರುವು ಬಂದಾಗ ಬಾಯಿಬಿಟ್ಟು ಹೇಳು. ಬದುಕಿದ್ರೂ ಹೇಳು, ಸತ್ತಿದ್ರೂ ಹೇಳು. ಹೇಳ್ದೆ ತಿರುಗಿಸಿದ್ರೆ ಗಾಲಿ ಮುಂದೆ ಹೋಗುತ್ತೆ, ಆ ಜೀವ ಅಲ್ಲೇ ನಿಂತ್ಬಿಡುತ್ತೆ."

ಆಮೇಲೆ ಸುಧಾರಣೆ ಬಂತು. ದೇಶದ ಸರ್ಕಾರಿ ಆಸ್ಪತ್ರೆಗಳನ್ನೆಲ್ಲ ನೆಟ್ಟಗೆ ಮಾಡುತ್ತೇವೆಂದು ರಾಜಧಾನಿಯಿಂದ ಒಬ್ಬ ಸಾಹೇಬ ಬಂದಿಳಿದ. ಓಟದ ಪಂದ್ಯದಲ್ಲಿ ಹಿಡಿಯುವಂಥ ಗಡಿಯಾರ ಸದಾ ಅವನ ಕೈಯಲ್ಲಿ. ಹಾಗಾಗಿ ಗಡಿಯಾರದ ಸಾಹೇಬ ಅನ್ನಿಸಿಕೊಂಡ. ಹಾಸಿಗೆ ಹೆಚ್ಚಿಸಲಿಲ್ಲ, ಡಾಕ್ಟರುಗಳನ್ನು ಹೆಚ್ಚಿಸಲಿಲ್ಲ, ನಿಯಮ ಹೆಚ್ಚಿಸಿದ ಪುಣ್ಯಾತ್ಮ. ಗಾಲಿ ತಳ್ಳುವಾಗ ಮಾತಿಲ್ಲ. ಬಂದ ರೋಗಿಯ ಕೈಗೆ ನಂಬರಿನ ಪಟ್ಟಿ ಕಟ್ಟಬೇಕು, ನಾಲ್ಕು ಗಂಟೆಯೊಳಗೆ ಅವನನ್ನು ನೋಡಿ ಮುಗಿಸಬೇಕು. ಮುಗಿಸದಿದ್ದರೆ ಕಂಪ್ಯೂಟರಿನಲ್ಲಿ ಕೆಂಪು ಗೆರೆ.

ಈ ನಿಯಮ ಬಂದ ಹನ್ನೊಂದು ದಿನದಲ್ಲಿ, ಆ ಮುದುಕಿಯೂ ಸೇರಿ, ಅವಳು ಹದಿನಾಲ್ಕು ಜನರನ್ನು ಮಾತಿಲ್ಲದೆ ಶವಾಗಾರ ಮುಟ್ಟಿಸಿದ್ದಳು. ಈಗ ಬರಿಗೈಯಲ್ಲಿ ಬರುವಾಗಲೂ ಲಿಫ್ಟಿನ ತಿರುವಿನಲ್ಲಿ ಗೋಡೆಗೆ ಒತ್ತಿಕೊಂಡೇ ನಡೆಯುತ್ತಾಳೆ. ಅಲ್ಲಿ ಜನ ನಿಂತಿದ್ದಾರೆ. ಕಣ್ಣಿಗೆ ಕಾಣುವುದಿಲ್ಲ, ನಿಜ. ಆದರೆ ತುಂಬಿದ ಬಸ್ಸಿನಲ್ಲಿ ಮೈ ತಾನಾಗಿ ಓರೆಯಾಗುತ್ತದಲ್ಲ, ಹಾಗೆ ಓರೆಯಾಗುತ್ತದೆ. ನಗುವವರು ನಗಲಿ. ಅವಳಿಗೆ ಭಯ, ಅಷ್ಟೇ.

ಮುದುಕಿಯನ್ನು ತಳ್ಳಿದ ಆ ದಿನವೇ ಬೆಳಿಗ್ಗೆ ಏಳಕ್ಕೆ ಗಾಲಿಯಣ್ಣ ಎದೆ ಹಿಡಿದುಕೊಂಡು ಬಂದಿದ್ದ. ಕೆಲಸಕ್ಕಲ್ಲ, ರೋಗಿಯಾಗಿ. ಪಟ್ಟಿ ಕಟ್ಟಿ ಬೆಂಚಿನ ಮೇಲೆ ಕೂರಿಸಿದರು. ಎಂಟಾಯಿತು, ಒಂಬತ್ತಾಯಿತು, ಯಾರೂ ಕರೆಯಲಿಲ್ಲ. ಹತ್ತೂ ಮುಕ್ಕಾಲಿಗೆ ಮೇಸ್ತ್ರಿ ಅವಳ ಕೈಗೆ ಕತ್ತರಿ ಕೊಟ್ಟ. ಮಧ್ಯಾಹ್ನ ರಾಜಧಾನಿಯ ದೊಡ್ಡವರು ಬಂದು, ಈ ಆಸ್ಪತ್ರೆ ದೇಶಕ್ಕೇ ಮಾದರಿ ಎಂದು ಸಾರುವವರಿದ್ದರು.

"ನಾಲ್ಕು ಗಂಟೆ ಆಗ್ತಾ ಬಂತು, ಬೆಂಚಲ್ಲಿರೋರ ಪಟ್ಟಿ ಎಲ್ಲ ಕತ್ತರಿಸು. ಕಂಪ್ಯೂಟರಲ್ಲಿ ಮನೆಗೆ ಹೋದ್ರು ಅಂತ ಹಾಕ್ತಾರೆ. ಆಮೇಲೆ ಹೊಸ ಪಟ್ಟಿ ಕಟ್ಟಿದ್ರಾಯ್ತು."

"ಅವರನ್ನ ಇನ್ನೂ ನೋಡೇ ಇಲ್ವಲ್ಲ ಮೇಸ್ತ್ರಿ."

"ನೀನೇನು ಡಾಕ್ಟ್ರಾ? ಕತ್ತರಿಸು ಅಂದ್ರೆ ಕತ್ತರಿಸ್ಬೇಕು, ಮುಂಡೇದೆ."

ಕತ್ತರಿಸಿದಳು. ಒಂಬತ್ತು ಜನರದ್ದು. ಗಾಲಿಯಣ್ಣ ತಾನೇ ಕೈ ಚಾಚಿದ. ಬೆವರಿ ತಣ್ಣಗಾಗಿದ್ದ ಕೈ. ಕತ್ತರಿ ಕಚಕ್ ಎಂದಾಗ ನಕ್ಕ.

"ಆಯ್ತು ಬಿಡಮ್ಮ, ನಾನೀಗ ಮನೆಗೆ ಹೋದೆ."

ಅವಳೂ ನಕ್ಕಳು. ಅಯ್ಯೋ, ನಕ್ಕಳಲ್ಲ! ನಗುತ್ತಲೇ ಆ ಪಟ್ಟಿಯನ್ನು ತನ್ನ ಜೇಬಿಗೆ ಹಾಕಿಕೊಂಡಳು.

ಹೊಸ ಪಟ್ಟಿ ಕಟ್ಟಲು ಯಾರೂ ಬರಲಿಲ್ಲ. ಪಟ್ಟಿಯಿಲ್ಲದವನನ್ನು ಡಾಕ್ಟರು ಕರೆಯಲಿಲ್ಲ. ಹನ್ನೆರಡೂವರೆಗೆ ಅವಳು ಲೋಟದಲ್ಲಿ ಟೀ ಹಿಡಿದು ಹೋದಾಗ ಗಾಲಿಯಣ್ಣ ಗೋಡೆಗೆ ತಲೆಯಾನಿಸಿ ಸೂರು ನೋಡುತ್ತಿದ್ದ. ಎರಡು ಸಲ ಕರೆದಳು. ರೆಪ್ಪೆ ಬಡಿಯಲಿಲ್ಲ.

ಅವನನ್ನು ಸ್ಟ್ರೆಚರಿಗೆ ಹಾಕಿ, ಮುಖಕ್ಕೆ ಬಟ್ಟೆ ಹೊದಿಸಿ, ಕೊಳೆಬಟ್ಟೆಯ ಕೋಣೆಗೆ ಅವಳ ಕೈಲೇ ತಳ್ಳಿಸಿ ಬಾಗಿಲು ಹಾಕಿಸಿದರು. ಗಡಿಯಾರದ ಸಾಹೇಬ ಮೂಗಿಗೆ ಕರವಸ್ತ್ರ ಹಿಡಿದು ನಿಂತ.

"ಈ ಮನುಷ್ಯ ಹತ್ತೂ ಐವತ್ತಕ್ಕೆ ಮನೆಗೆ ಹೋಗಿದಾನೆ. ದಾಖಲೆ ಇದೆ."

"ಇಲ್ಲೇ ಸತ್ತಿದಾನಲ್ಲ ಸಾಹೇಬ್ರೆ," ಎಂದಳು.

"ಹಿಂದಿನ ಬಾಗಿಲಲ್ಲಿ ವ್ಯಾನ್ ನಿಂತಿದೆ. ಮನೇಲಿ ಇಳಿಸಿ ಬಾ. ಸತ್ತಿದ್ದು ಅಲ್ಲಿ. ನಡ್ಕೊಂಡು ಹೋಗಿದ್ದನ್ನ ನಾನೇ ನೋಡ್ದೆ ಅಂತ ಈ ಕಾಗದಕ್ಕೊಂದು ಸಹಿ ಹಾಕು."

ಮೇಸ್ತ್ರಿ ಅವಳ ಕಿವಿಯ ಹತ್ತಿರ ಬಗ್ಗಿದ. "ಪಟ್ಟಿ ಕತ್ತರಿಸಿದ್ದು ಯಾರ ಕೈ, ನೆನಪಿದ್ಯಾ? ಬಾಯಿಬಿಟ್ರೆ ಜೈಲಿಗೆ ಹೋಗೋಳು ನೀನೇ. ಹಾಕೇ ಬೋಸುಡಿ."

ಹೊರಗೆ ಕಾರುಗಳ ಸದ್ದಾಯಿತು. ಇಬ್ಬರೂ ಕಾಗದವನ್ನು ಹೆಣದ ಎದೆಯ ಮೇಲೇ ಬಿಟ್ಟು, ದೊಡ್ಡವರನ್ನು ಎದುರುಗೊಳ್ಳಲು ಬಿದ್ದಂಬೀಳ ಓಡಿದರು.

ಅವಳು ತನ್ನ ಬಲಗೈ ನೋಡಿಕೊಂಡಳು. ಕತ್ತರಿಯ ಹಿಡಿ ಒತ್ತಿದ ಗುರುತು ಹೆಬ್ಬೆರಳಲ್ಲಿ ಇನ್ನೂ ಇತ್ತು. ಈ ಕೈಯೇ ಅವನನ್ನು ಮನೆಗೆ ಕಳಿಸಿದ್ದು. ಹೌದು, ಮೇಸ್ತ್ರಿ ಹೇಳಿದ್ದರಲ್ಲಿ ಸುಳ್ಳೇನಿದೆ? ಜೇಬಿನಿಂದ ಪಟ್ಟಿ ತೆಗೆದು, ಎರಡು ತುದಿಯನ್ನೂ ಬಟ್ಟೆಯ ದಾರದಿಂದ ಬಿಗಿದು, ಅವನ ಮಣಿಕಟ್ಟಿಗೆ ಮತ್ತೆ ಕಟ್ಟಿದಳು. ಸಹಿಯಿಲ್ಲದ ಕಾಗದವನ್ನು ಆ ಕೈಯ ಕೆಳಗಿಟ್ಟಳು. ಮುಖದ ಮೇಲಿನ ಬಟ್ಟೆ ಸರಿಸಿದಳು. ಆಮೇಲೆ ಗಾಲಿ ತಳ್ಳಿದಳು.

ಲಿಫ್ಟಿನ ತಿರುವು ಬಂತು. ಬಲಕ್ಕೆ ಹೋದರೆ ಶವಾಗಾರ, ಹಿಂದಿನ ಬಾಗಿಲು, ವ್ಯಾನು. ಎಡಕ್ಕೆ ಹೋದರೆ ದೊಡ್ಡವರು ಸೇರಿದ ಸಭಾಂಗಣ.

"ಅಣ್ಣಾ, ಎಡಕ್ಕೆ ತಿರುಗ್ತಾ ಇದೀವಿ," ಎಂದಳು. ಹನ್ನೊಂದು ದಿನದ ಮೇಲೆ ಆ ತಿರುವಿನಲ್ಲಿ ಗಟ್ಟಿಯಾಗಿ ಆಡಿದ ಮಾತು ಅದು. ಮತ್ತೆ ಖಾಲಿ ಗೋಡೆಯ ಕಡೆ ನೋಡಿ ಹೇಳಿದಳು: "ನೀವೂ ಬನ್ನಿ. ಹೇಳ್ದೆ ಹೋದೆ, ನನ್ನದೇ ತಪ್ಪು. ಎಡಕ್ಕೆ, ಎಲ್ಲಾರೂ."

ಗಾಲಿ ಭಾರವಾಯಿತು. ಒಬ್ಬ ಒಣಕಲು ಮುದುಕನ ಭಾರವಲ್ಲ ಅದು. ಮೈಯ ಬಲವನ್ನೆಲ್ಲ ಹಾಕಿ ತಳ್ಳಬೇಕಾಯಿತು.

ಸಭಾಂಗಣದಲ್ಲಿ ಗಡಿಯಾರದ ಸಾಹೇಬ ಪರದೆಯ ಮೇಲೆ ಹಸಿರು ಗೆರೆ ತೋರಿಸುತ್ತಿದ್ದ. ಸ್ಟ್ರೆಚರ್ ಒಳಗೆ ಬಂತು. ಮುಂದಿನ ಸಾಲಿನ ದೊಡ್ಡ ಮನುಷ್ಯರೊಬ್ಬರು ಕುರ್ಚಿ ಹಿಂದಕ್ಕೆ ಎಳೆದುಕೊಂಡರು.

"ಯಾರಮ್ಮಾ ಇದು?"

"ಮನೆಗೆ ಹೋದೋರು ಸಾಹೇಬ್ರೆ. ಹತ್ತೂ ಐವತ್ತಕ್ಕೆ. ಕೈಯಲ್ಲಿ ನಂಬರ್ ಇದೆ, ನಿಮ್ಮ ಪರದೇಲಿ ನೋಡಿ. ಪಟ್ಟಿ ಕತ್ತರಿಸಿದ್ದು ನಾನೇ. ಬರ್ಕೊಳ್ಳಿ."

"ಎಳೀರೋ ಅವಳನ್ನ ಆಚೆಗೆ! ಬಾಗ್ಲು ಹಾಕ್ರೋ!" ಮೇಸ್ತ್ರಿ ಕಿರುಚಿದ.

ಅವಳು ಸ್ಟ್ರೆಚರಿನ ಕಂಬಿ ಬಿಡಲಿಲ್ಲ. ತಿರುಗಿ, ಬಾಗಿಲಲ್ಲಿದ್ದ ಜವಾನನಿಗೆ ಮೆಲ್ಲಗೆ ಹೇಳಿದಳು:

"ಬಾಗ್ಲು ಹಾಕ್ಬೇಡಪ್ಪ. ಹಿಂದೆ ಇನ್ನೂ ಹದಿನಾಲ್ಕು ಜನ ಇದಾರೆ."

ಜವಾನ ಕಾರಿಡಾರಿನ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ನೋಡುತ್ತಲೇ ನಿಂತವನು ಬಾಗಿಲ ಹಿಡಿ ಬಿಟ್ಟು, ಗೋಡೆಗೆ ಒತ್ತಿಕೊಂಡು ದಾರಿ ಕೊಟ್ಟ.