ಕಂಕುಳಲ್ಲೊಂದು, ಎದೆಯಲ್ಲೊಂದು

ಅಣ್ಣನಿಗೆ ಸೂಜಿ ತಾನೇ ಹಾಕುತ್ತೇನೆಂದು ಪುಟ್ಟಿ ಹಟ ಹಿಡಿದಳು. ಪುಟ್ಟಿ ಎನ್ನುವುದು ಮನೆಯವರ ಬಾಯಲ್ಲಿ ಮಾತ್ರ. ನಲವತ್ತು ದಾಟಿದ ಹೆಂಗಸು, ಆಸ್ಪತ್ರೆಯ ನೆಲಮಾಳಿಗೆಯಲ್ಲಿರುವ ಸ್ಕ್ಯಾನ್ ವಿಭಾಗದ ಹಳೆಯ ಹುಲಿ. "ಸ್ವಂತದವರಿಗೆ ಬೇಡಮ್ಮ, ಬೇರೆ ಯಾರಾದ್ರೂ ಹಾಕ್ಲಿ" ಎಂದು ಡಾಕ್ಟರಮ್ಮ ಹೇಳಿಯೇ ಹೇಳಿದರು. ಕೇಳುವ ಪೈಕಿಯೇ ಇವಳು? ಅಪ್ಪ ಹೋದ ಮೇಲೆ ಸಾಕಿ ಓದಿಸಿದ ಅಣ್ಣ. ಅವನ ನರಕ್ಕೆ ಇನ್ಯಾರೋ ಕೈ ಹಾಕುವುದೆಂದರೆ ಅವಳಿಗೆ ಸಹಿಸುವ ಮಾತಾಗಿರಲಿಲ್ಲ.

ಅಣ್ಣನದು ಸೋಫಾ ರಿಪೇರಿ ಕೆಲಸ. ಹರಿದ ಸೋಫಾಗಳ ಹೊಟ್ಟೆ ಬಗೆದು, ಹಳೆಯ ಹತ್ತಿ ಕಿತ್ತು, ಹೊಸ ಬಟ್ಟೆ ಬಿಗಿದು, ಅಂಚಿಗೆ ಸಣ್ಣ ಮೊಳೆ ಹೊಡೆಯುತ್ತಲೇ ಅವನ ತಲೆ ಬೆಳ್ಳಗಾಗಿತ್ತು. ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಊರ ಸುದ್ದಿಯೆಲ್ಲ ಹೇಳಬಲ್ಲ ಮಹಾನುಭಾವ. ಬಿಡದ ಕೆಮ್ಮಿಗೆಂದು ಎಕ್ಸ್‌ರೇ ತೆಗೆಸಿದಾಗ ಎಡ ಶ್ವಾಸಕೋಶದಲ್ಲಿ ಒಂದು ಚುಕ್ಕೆ ಕಂಡಿತ್ತು. ಹತ್ತಿಯ ಧೂಳು ಕೂತು ಆದ ಉರಿಯೂತವಿರಬಹುದು, ಗೆಡ್ಡೆಯೂ ಇರಬಹುದು. ಯಾವುದೆಂದು ತಿಳಿಯಲು ಈ ಸ್ಕ್ಯಾನ್.

"ಎಡಗೈಗೇ ಚುಚ್ಚು. ಬಲಗೈ ಸುತ್ತಿಗೆ ಹಿಡಿಯೋ ಕೈ, ಅದರ ತಂಟೆಗೆ ಹೋಗ್ಬೇಡ" ಎಂದ ಅಣ್ಣ.

"ಚುಚ್ಚಿದ ಮೇಲೆ ಬಾಯಿಗೆ ಬೀಗ. ಮಾತಾಡಿದ್ರೆ ಗಂಟಲೆಲ್ಲ ಚಿತ್ರದಲ್ಲಿ ಹೊಳೆಯುತ್ತೆ."

"ಹಾಗಾದ್ರೆ ನಿಮ್ಮತ್ತಿಗೇನ ಸ್ಕ್ಯಾನ್ ಮಾಡಿದ್ರೆ ಕರೆಂಟೇ ಬೇಡ ಬಿಡು."

ಪುಟ್ಟಿ ನಕ್ಕಳು. ನಕ್ಕರೂ ಕೈ ನಡುಗುತ್ತಿತ್ತು. ಬೇರೆಯವರಿಗಾದರೆ ಮೊದಲು ಕೇಳಬೇಕಾದ ಪ್ರಶ್ನೆಗಳಿದ್ದವು. ಅಣ್ಣನ ಬಗ್ಗೆ ತನಗೆ ಗೊತ್ತಿಲ್ಲದ್ದೇನಿದೆ ಎಂದುಕೊಂಡು ಅವನ್ನು ಹಾರಿಸಿ, ಸೀಸದ ಕವಚದ ಸಿರಿಂಜನ್ನು ಕೈಗೆತ್ತಿಕೊಂಡಳು.

ಸಿರಿಂಜಿನಲ್ಲಿದ್ದುದು ವಿಕಿರಣ ಅಂಟಿಸಿದ ಸಕ್ಕರೆ. ಮೈಯಲ್ಲಿ ಎಲ್ಲಿ ಹಸಿವು ಜಾಸ್ತಿಯೋ ಅಲ್ಲಿಗೆ ಈ ಸಕ್ಕರೆ ಹೋಗಿ ಸೇರುತ್ತದೆ, ಸೇರಿದ ಜಾಗ ಚಿತ್ರದಲ್ಲಿ ಹೊಳೆಯುತ್ತದೆ. ಗೆಡ್ಡೆ ದೊಡ್ಡ ಹೊಟ್ಟೆಬಾಕ. ಆದರೆ ಗಾಯದ ಜೊತೆ, ಸೋಂಕಿನ ಜೊತೆ ಹೊಡೆದಾಡುವ ರಕ್ತದ ಬಿಳಿಕಣಗಳೂ ಹೊಟ್ಟೆಗೆ ಕಡಿಮೆ ತಿನ್ನುವವಲ್ಲ. ಅಷ್ಟು ದೊಡ್ಡ ಯಂತ್ರವಿದ್ದೂ ಹೊಳೆಯುತ್ತಿರುವುದು ಕಳ್ಳನೋ ಪೊಲೀಸನೋ ಎಂದು ಅದು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದ್ದರೆ ಡಾಕ್ಟರರಿಗೆ ಅರ್ಧ ಕೂದಲು ಉಳಿಯುತ್ತಿತ್ತು.

ಅಣ್ಣ ಕಂಬಳಿ ಹೊದ್ದು ಒಳಕೋಣೆಯಲ್ಲಿ ಸುಮ್ಮನೆ ಮಲಗಿದ. ಔಷಧ ಮೈಗೆಲ್ಲ ಹರಡಿದ ಮೇಲೆ ಕೈಗಳನ್ನು ತಲೆಯ ಮೇಲಕ್ಕೆ ಚಾಚಿಸಿ ಅವನನ್ನು ಯಂತ್ರದೊಳಕ್ಕೆ ಕಳಿಸಿದ್ದಾಯಿತು. ಗಾಜಿನ ಈಚೆ ಪುಟ್ಟಿಯ ಮುಂದಿನ ಪರದೆಯಲ್ಲಿ ಚಿತ್ರ ಸಾಲುಸಾಲಾಗಿ ಮೂಡತೊಡಗಿತು. ಮಿದುಳು ಹೊಳೆಯಿತು, ಹೊಳೆಯಲೇಬೇಕು. ಎದೆಯ ಚುಕ್ಕೆ ಹೊಳೆಯಿತು. ಇಷ್ಟನ್ನು ನೋಡಲು ಅವಳು ಮನಸ್ಸು ಗಟ್ಟಿ ಮಾಡಿಕೊಂಡೇ ಕೂತಿದ್ದಳು. ಆಮೇಲೆ ಎಡ ಕಂಕುಳಲ್ಲಿ ಇನ್ನೊಂದು ಹೊಳೆಯಿತು.

ಪುಟ್ಟಿ ಪರದೆಗೆ ಮುಖ ತಾಗುವಷ್ಟು ಬಗ್ಗಿದಳು. ಎದೆಯಲ್ಲಿ ಒಂದೇ ಇದ್ದು ಅದು ಗೆಡ್ಡೆಯೇ ಆಗಿದ್ದರೂ ಕೊಯ್ದು ತೆಗೆಯಬಹುದು. ಅಲ್ಲಿಂದ ಕಂಕುಳಿಗೂ ಹಬ್ಬಿದ್ದರೆ ಕೊಯ್ಯುವ ಮಾತೇ ಇಲ್ಲ. ಹಾಗಾದವರ ಚಿತ್ರಗಳನ್ನು ಎಷ್ಟೋ ಸಲ ತೆಗೆದಿದ್ದಳು, ಅವರಲ್ಲಿ ಎಷ್ಟು ಜನ ಮರುವರ್ಷ ಬರಲಿಲ್ಲ ಎಂಬುದೂ ಗೊತ್ತಿತ್ತು. ಡಾಕ್ಟರಮ್ಮ ಬಂದು ಹಿಂದೆ ನಿಂತಿದ್ದು ಅವಳಿಗೆ ಗೊತ್ತೇ ಆಗಲಿಲ್ಲ.

"ನನ್ನ ಕೈ ನಡುಗ್ತಿತ್ತು ಮೇಡಂ" ಎಂದು ಒಮ್ಮೆಲೇ ಹೇಳಿಬಿಟ್ಟಳು. "ನರದಿಂದ ಆಚೆ ಸೋರಿರ್ಬೇಕು. ಸೋರಿದ್ರೆ ಅದೇ ಕೈಯ ಕಂಕುಳಿಗೆ ಹೋಗಿ ನಿಲ್ಲುತ್ತಲ್ಲ, ಅದೇ ಇದು. ನನ್ನದೇ ತಪ್ಪು."

ಹಾಗೆ ಆಗುವುದುಂಟು. ಸೋರಿದ್ದರೆ ಸೂಜಿ ಚುಚ್ಚಿದ ಜಾಗವೂ ಹೊಳೆಯಬೇಕು. ಕೈ ಮೇಲೆತ್ತಿದ್ದರಿಂದ ಮೊಣಕೈ ಚಿತ್ರದೊಳಗೆ ಬಂದಿರಲಿಲ್ಲ. ಡಾಕ್ಟರಮ್ಮ ಅದರದೊಂದು ಚಿತ್ರ ತೆಗೆಯಲು ಹೇಳಿದರು. ಯಂತ್ರ ಮತ್ತೆ ಗುಂಯ್‌ಗುಟ್ಟಿತು. ಇಷ್ಟು ವರ್ಷದ ನೌಕರಿಯಲ್ಲಿ ಒಂದು ಹನಿಯೂ ಸೋರಿಸಿದವಳಲ್ಲವೆಂದು ಮೆರೆದಿದ್ದ ಪುಟ್ಟಿ, ಇವತ್ತು ಸೋರಿರಲಿ, ದಂಡಿಯಾಗಿ ಸೋರಿರಲಿ, ಬೇಕಾದರೆ ಕೆಲಸ ಹೋಗಲಿ ಎಂದು ಹಲ್ಲು ಕಚ್ಚಿ ಬೇಡಿಕೊಂಡಳು.

ಮೊಣಕೈಯಲ್ಲಿ ಯಾವ ಹೊಳಪೂ ಇರಲಿಲ್ಲ. ಒಂದು ಹನಿಯೂ ಸೋರಿರಲಿಲ್ಲ. ಅಷ್ಟು ನಡುಗಿದ ಕೈ ಕೆಲಸವನ್ನು ಮಾತ್ರ ಅಚ್ಚುಕಟ್ಟಾಗಿ ಮಾಡಿ ಮುಗಿಸಿತ್ತು. ಪುಟ್ಟಿ ಬಿಕ್ಕಿಬಿಕ್ಕಿ ಅತ್ತಳು.

ಡಾಕ್ಟರಮ್ಮ ಅವಳನ್ನು ಅಳಲು ಬಿಟ್ಟರು. ಆಮೇಲೆ ಕೇಳಿದರು: "ಪ್ರಶ್ನೆ ಎಲ್ಲ ಕೇಳಿದ್ರಾ?"

ಪುಟ್ಟಿ ತಲೆ ತಗ್ಗಿಸಿದಳು.

"ಈಗ ಕೇಳಿ. ಅವರು ಯಾರೋ, ನೀವು ಯಾರೋ ಅನ್ನೋ ಹಾಗೆ ಕೇಳಿ."

ಅಣ್ಣ ಮತ್ತೆ ಒಳಕೋಣೆ ಸೇರಿದ್ದ. ಪುಟ್ಟಿ ಮೈಕಿನ ಗುಂಡಿ ಒತ್ತಿದಳು.

"ಇತ್ತೀಚೆಗೆ ಜ್ವರ ಬಂದಿತ್ತಾ?"

"ಇದೇನೇ ಹೊಸ ಧಾಟಿ? ನಿಂಗೊತ್ತಿಲ್ವಾ?"

"ಗೊತ್ತಿಲ್ಲ ಅಂದ್ಕೊ. ಹೇಳು."

"ಇಲ್ಲ."

"ಪೆಟ್ಟು, ಗಾಯ ಏನಾದ್ರೂ?"

"ಪುಟ್ಟಿ, ಬೈಯ್ಯಲ್ಲ ತಾನೆ? ಹೋದ ವಾರ ಅಂಗೈಗೊಂದು ಮೊಳೆ ನೆಟ್ಕೊಳ್ತು. ತುಕ್ಕು ಹಿಡಿದಿದ್ದು."

"ಯಾವ ಕೈ?"

"ಎಡಗೈ. ಊದ್ಕೊಂಡಿತ್ತು, ಈಗ ಇಳಿದಿದೆ. ಕ್ಲಿನಿಕ್ಕಲ್ಲಿ ಧನುರ್ವಾಯು ಬರದೆ ಇರೋಕೆ ಅಂತ ಎಡಗೈ ರಟ್ಟೆಗೇ ಇಂಜೆಕ್ಷನ್ ಕೊಟ್ರು. ನಿಮ್ಮತ್ತಿಗೇಗೂ ಹೇಳಿಲ್ಲ. ನಿನ್ನ ಕೈಲಿ ಬೈಸ್ಕೊಳ್ಳೋ ಶಕ್ತಿ ಇರ್ಲಿಲ್ಲ ಕಣೇ."

ಪುಟ್ಟಿಗೆ ನಗಬೇಕೋ ಅವನನ್ನು ಹಿಡಿದು ಬಡಿಯಬೇಕೋ ತಿಳಿಯಲಿಲ್ಲ. ಗಾಯಕ್ಕೋ ಇಂಜೆಕ್ಷನ್ನಿಗೋ ಕಂಕುಳಿನ ಗ್ರಂಥಿ ಎದ್ದು ನಿಂತಿರಬಹುದು, ಹಾಗಿದ್ದರೆ ಅದು ಬರೀ ಉರಿಯೂತ. ಹೋದ ಜೀವ ಅರ್ಧ ವಾಪಸು ಬಂತು. ಬಾಕಿ ಅರ್ಧ ಎದೆಯ ಚುಕ್ಕೆಯ ಹತ್ತಿರವೇ ನಿಂತಿತ್ತು.

"ಇನ್ನಷ್ಟು ಹೊತ್ತು ಬಿಟ್ಟು ಎರಡನ್ನೂ ಮತ್ತೆ ತೆಗೆಯೋಣ" ಎಂದರು ಡಾಕ್ಟರಮ್ಮ. ಹೊತ್ತು ಕಳೆದ ಹಾಗೆ ಉರಿಯೂತದ ಹೊಳಪು ಸಾಮಾನ್ಯವಾಗಿ ಇಳಿಯುತ್ತದೆ, ಗೆಡ್ಡೆಯದು ಏರುತ್ತದೆ. ಯಾವಾಗಲೂ ಹಾಗೇ ಆಗಬೇಕೆಂದಿಲ್ಲ, ಆದರೂ ನೋಡಲು ಅದೊಂದು ದಾರಿ. "ನೀವು ಮಾತ್ರ ಹೊರಗೆ ಹೋಗಿ ಅತ್ತಿಗೆ ಹತ್ರ ಕೂತ್ಕೊಳ್ಳಿ."

ಪುಟ್ಟಿ ಹೊರಗೆ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ಜನ ಇಲ್ಲಿ ಕೂತು ಕಾಯುತ್ತಾರೆಂದು ಅವಳಿಗೆ ಗೊತ್ತಿತ್ತು, ಹೇಗೆ ಕಾಯುತ್ತಾರೆಂದು ಗೊತ್ತಿರಲಿಲ್ಲ. ಅತ್ತಿಗೆ ಫ್ಲಾಸ್ಕನ್ನು ಮಡಿಲಲ್ಲಿ ಅವುಚಿಕೊಂಡಿದ್ದಳು.

"ಯಾಕೆ ಕಣ್ಣು ಕೆಂಪಗಿದೆ?"

"ಎಸಿ ಗಾಳಿಗೆ."

"ಪುಟ್ಟಿ, ನಂಗೆ ಸುಳ್ಳು ಹೇಳ್ಬೇಡ."

ಪುಟ್ಟಿ ಹೇಳಿದಳು. ಕಂಕುಳಿನದನ್ನು ಹೇಳಿದಳು, ಇಳಿದರೆ ಒಳ್ಳೆಯದು ಎಂದಳು. ಎದೆಯದರ ಸುದ್ದಿ ಎತ್ತಲು ಧೈರ್ಯ ಬರಲಿಲ್ಲ. ಅತ್ತಿಗೆ ಅವಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಒತ್ತಿ ಗುರುತು ಬಿತ್ತು. ಇಬ್ಬರೂ ಆ ಬಾಗಿಲನ್ನೇ ನೋಡುತ್ತ ಕೂತರು. ಬಾಗಿಲು ತೆರೆದಾಗೆಲ್ಲ ಪುಟ್ಟಿ ಎದ್ದು ನಿಲ್ಲುತ್ತಿದ್ದಳು. ಒಮ್ಮೆ ಕಸ ಗುಡಿಸುವವಳು ಬಂದಳು, ಒಮ್ಮೆ ಯಾರದೋ ಗಾಲಿಕುರ್ಚಿ ಬಂತು.

ಕೊನೆಗೆ ಡಾಕ್ಟರಮ್ಮ ಬಂದರು. ಪುಟ್ಟಿ ಅವರ ಮುಖವನ್ನು ಓದಲು ಹೋದಳು. ಅದರಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದಿರುವಂತೆ ಮುಖ ಇಟ್ಟುಕೊಳ್ಳುವುದು ಈ ವಿಭಾಗದಲ್ಲಿ ಎಲ್ಲರೂ ಮೊದಲು ಕಲಿಯುವ ಕೆಲಸ.

"ಕಂಕುಳಿನದು ಇಳಿದಿದೆ."

ಅತ್ತಿಗೆ ಅಷ್ಟು ಕೇಳಿದ್ದೇ ತಡ, ಫ್ಲಾಸ್ಕನ್ನು ಕುರ್ಚಿಯ ಮೇಲೆ ಹಾಕಿ, ಮಗಳಿಗೆ ಫೋನ್ ಮಾಡಲು ಕಾರಿಡಾರಿನ ತುದಿಗೆ ಓಡಿದಳು. ಒಳಗೆ ಸಿಗ್ನಲ್ ಸಿಗುತ್ತಿರಲಿಲ್ಲ. "ಅಮ್ಮಾ, ಒಂದ್ನಿಮಿಷ" ಎಂದು ಡಾಕ್ಟರಮ್ಮ ಕರೆದದ್ದು ಅವಳ ಕಿವಿಗೆ ಬೀಳಲೇ ಇಲ್ಲ.

"ಎದೇದು?" ಎಂದಳು ಪುಟ್ಟಿ.

"ಏರಿದೆ. ಚೆನ್ನಾಗೇ ಏರಿದೆ. ಚೂರು ತೆಗೆದು ಪರೀಕ್ಷೆ ಮಾಡೋವರೆಗೂ ನಾನು ಕೊನೇ ಮಾತು ಹೇಳಲ್ಲ. ಆದ್ರೆ ನಿಮ್ಮ ಹತ್ರ ಏನು ಮುಚ್ಚಿಡ್ಲಿ? ಒಂದೇ ಕಡೆ ಇದೆ, ಕೊಯ್ದು ತೆಗೆಯೋಕೆ ಬರುತ್ತೆ. ಇವತ್ತಿಗೆ ಅಷ್ಟನ್ನೇ ಗಟ್ಟಿಯಾಗಿ ಹಿಡ್ಕೊಳ್ಳಿ."

ಅವರು ಒಳಗೆ ಹೋದ ಸ್ವಲ್ಪ ಹೊತ್ತಿಗೆ ಅಣ್ಣ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೊರಬಂದ. ಎರಡು ಗುಂಡಿ ಮೇಲೆ ಕೆಳಗಾಗಿದ್ದವು.

"ಏನಂತೆ?"

ಪುಟ್ಟಿ ಅಣ್ಣನ ಕಣ್ಣು ನೋಡಿಯೇ ಹೇಳಿದಳು. "ಕಂಕುಳಲ್ಲಿದ್ದಿದ್ದು ನಿನ್ನ ಮೊಳೆಯ ಪ್ರಸಾದ, ಏನೂ ಅಲ್ಲ. ಎದೆಯದು ಗೆಡ್ಡೆ ಇದ್ದ ಹಾಗಿದೆ ಅಣ್ಣ. ಚೂರು ತೆಗೆದು ನೋಡ್ತಾರೆ. ಬೇರೆಲ್ಲೂ ಹೋಗಿಲ್ಲ. ಕೊಯ್ದು ತೆಗೀಬಹುದಂತೆ."

ಅಣ್ಣ ಏನಾದರೊಂದು ತಮಾಷೆ ಬಿಸಾಡುತ್ತಾನೆಂದು ಅವಳು ಕಾದಳು. ಅವನು ಗೋಡೆಗೆ ಒರಗಿದ. ತಪ್ಪಾಗಿ ಹಾಕಿದ ಗುಂಡಿಯನ್ನು ಬಿಚ್ಚಿದ, ಮತ್ತೆ ಅದನ್ನೇ ತಪ್ಪಾಗಿ ಹಾಕಿದ.

"ಹೆದರಿಕೆ ಆಗ್ತಿದೆ ಕಣೇ" ಎಂದ.

ಹುಟ್ಟಿದಾಗಿನಿಂದ ಅವನ ಬಾಯಲ್ಲಿ ಅವಳು ಈ ಮಾತು ಕೇಳಿರಲಿಲ್ಲ. ಸಮಾಧಾನದ ಮಾತು ಹೇಳಬೇಕಿತ್ತು. ಬೇರೆಯವರಿಗೆ ಹೇಳುವಂಥವು ಅವಳ ಬಳಿ ಬೇಕಾದಷ್ಟಿದ್ದವು.

"ನಂಗೂ" ಎಂದಳು.

ಕಾರಿಡಾರಿನ ತುದಿಯಲ್ಲಿ ಅತ್ತಿಗೆ ಫೋನಿನಲ್ಲಿ ಜೋರಾಗಿ ಮಾತಾಡುತ್ತ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ನಗುತ್ತಿದ್ದಳು. ಗಂಡನನ್ನು ಕಂಡು ಕೈ ಬೀಸಿದಳು.

"ಅವಳ್ಯಾಕೆ ನಗ್ತಿದಾಳೆ?"

"ಅರ್ಧ ಕೇಳಿಸ್ಕೊಂಡು ಓಡಿದ್ಲು."

ಅಣ್ಣ ಹೆಂಡತಿಯನ್ನು ನೋಡಿದ. ಅವನೂ ಕೈಯೆತ್ತಿ ಬೀಸಿದ. ಅತ್ತ ಕಡೆ ಹೊರಟ ಪುಟ್ಟಿಯನ್ನು ತೋಳು ಹಿಡಿದು ನಿಲ್ಲಿಸಿದ.

"ನಾನೇ ಹೇಳ್ತೀನಿ" ಎಂದ. "ಫೋನ್ ಮುಗಿಸ್ಲಿ, ಇರು."