ಹಾರ್ನ್ ಒತ್ತುವ ಕೆಲಸ

ಹಾರ್ಲನ್‌ಗೆ ಸಾಕುಸಾಕಾಗಿ ಹೋಗಿತ್ತು. ಅಮೆರಿಕದ ಅರ್ಕನ್ಸಾ ಬೆಟ್ಟಗಳ ಜನವರಿ ಚಳಿಯಲ್ಲಿ ಊರಿನ ಮುದುಕರೆಲ್ಲ ಒಲೆ ಮುಂದೆ ಕಾಲು ಚಾಚಿ ಕೂತಿದ್ದರೆ, ಇವನ ಹೆಂಡತಿ ಮೇವಿಸ್‌ಗೆ ಮಾತ್ರ ಅಣೆಕಟ್ಟಿನ ಕೆಳಗಿನ ಹೊಳೆಯಲ್ಲಿ ತೊಡೆಮಟ್ಟದ ನೀರಲ್ಲಿ ನಿಂತು ಟ್ರೌಟ್ ಮೀನು ಹಿಡಿಯಬೇಕು. ಹಿಡಿದದ್ದನ್ನು ಮನೆಗೆ ತಂದು ಹುರಿದರೆ ಅದೊಂದು ಮಾತು. ಗಾಳಕ್ಕೆ ಸಾಸಿವೆ ಕಾಳಿಗಿಂತ ಚಿಕ್ಕ ನಕಲಿ ಸೊಳ್ಳೆ ಕಟ್ಟುವುದು, ಹಿಡಿಯುವುದು, ಕಣ್ತುಂಬ ನೋಡುವುದು, ಮತ್ತೆ ನೀರಿಗೇ ಬಿಡುವುದು! ಪೆಟ್ರೋಲು ಬೇರೆ ದಂಡ.

ಅವನಿಗಿದ್ದದ್ದು ಒಂದೇ ಕೆಲಸ. ದಡದಲ್ಲಿ ಪಿಕಪ್ ಗಾಡಿಯೊಳಗೆ ಕೂತಿದ್ದು, ಅಣೆಕಟ್ಟಿನ ಸೈರನ್ ಕೂಗಿದ ಕೂಡಲೇ ಹಾರ್ನ್ ಒತ್ತುವುದು. ಕರೆಂಟಿಗಾಗಿ ನೀರು ಬಿಟ್ಟರೆ ಹೊಳೆ ಕತ್ತಿನವರೆಗೆ ಏರುತ್ತದೆ. ಮೇವಿಸ್‌ಗೆ ಕಿವಿ ಮಂದ. ಕಿವಿಯ ಮಷೀನು ಹೋದ ಚಳಿಗಾಲವೇ ಹೊಳೆಪಾಲಾಗಿತ್ತು. "ಯಾವ್ದೋ ಮೀನಿಗೆ ಈಗ ನಂಗಿಂತ ಚೆನ್ನಾಗಿ ಕೇಳ್ಸತ್ತೆ ಬಿಡು," ಎಂದು ನಕ್ಕಿದ್ದಳು. ಹೊಸದು ತಂದುಕೊಟ್ಟರೆ ಅದನ್ನು ಮನೆಯಲ್ಲಿ ಜೋಪಾನವಾಗಿಟ್ಟು ಹೊಳೆಗೆ ಬರುತ್ತಾಳೆ. ಇಂಥವಳಿಗೆ ಏನು ಹೇಳುವುದು?

ಒಂದು ದಿನ ಈ ಹೊಳೆ ಇವಳನ್ನು ನುಂಗಿಬಿಡುತ್ತದೆ ಎಂಬ ಭಯ ಅವನಿಗಿತ್ತು. ಅದನ್ನು ಬಾಯಿಬಿಟ್ಟು ಹೇಳಲಾರದೆ ಗೊಣಗುತ್ತಿದ್ದ. ಕೊನೆಗೆ ಚಳಿಗಾಲದ ಶುರುವಿನಲ್ಲಿ ದೊಡ್ಡ ಜಗಳವಾಗಿ ಒಂದು ಒಪ್ಪಂದಕ್ಕೆ ಬಂದಿದ್ದರು. ಒಬ್ಬರನ್ನು ಇನ್ನೊಬ್ಬರು ನೀರಿನಿಂದ ಎಳೆದು ತರಬೇಕಾಗಿ ಬಂದರೆ, ಎಳೆಸಿಕೊಂಡವರ ಹೊಳೆ ಸಹವಾಸ ಅವತ್ತಿಗೇ ಕಾಯಂ ಆಗಿ ಮುಗಿಯಿತು. ಎಳೆಸಿಕೊಳ್ಳುವವಳು ಯಾರೆಂದು ಹಾರ್ಲನ್‌ಗೆ ಚೆನ್ನಾಗಿ ಗೊತ್ತಿತ್ತು.

ಆ ಬೆಳಿಗ್ಗೆ ಅವಳು ನೀರಿನಿಂದೆದ್ದು ಬಂದು ಗಾಡಿಯ ಕಿಟಕಿ ಬಡಿದಳು. ಗಾಳದ ಕೋಲಿನ ಉಂಗುರಗಳಲ್ಲೆಲ್ಲ ಮಂಜು ಕಟ್ಟಿ ದಾರ ಜಾರುತ್ತಿರಲಿಲ್ಲ.

"ನಿನ್ನ ತುಟಿ ಮುಲಾಮು ಕೊಡು, ಉಂಗುರಕ್ಕೆ ಬಳೀಬೇಕು."

"ಮೊನ್ನೆ ತಾನೇ ಹೊಸದು ತಗೊಂಡಿದೀನಿ!"

"ಕೊಡೋ ಸಾಕು. ನಿನ್ನ ತುಟಿ ನೋಡೋರು ಯಾರಿದಾರೆ ಈಗ?"

ಮುಲಾಮಿನ ಡಬ್ಬಿ ಸಮೇತ ಹೊರಟುಹೋದಳು. ಹಾರ್ಲನ್ ಹಲ್ಲು ಕಡಿಯುತ್ತ ಪೇಪರ್ ಬಿಡಿಸಿದ.

ಅಷ್ಟರಲ್ಲಿ ಸೈರನ್ ಕೂಗಿತು.

ಹಾರ್ನ್ ಒತ್ತಿದ. ಅವಳು ತಿರುಗಲಿಲ್ಲ. ಕೋಲು ಬಿಲ್ಲಿನಂತೆ ಬಾಗಿತ್ತು, ದೊಡ್ಡ ಮೀನೇ ಬಿದ್ದಿರಬೇಕು. ಹಾರ್ನಿನ ಮೇಲೆ ಕೈ ಊರಿಯೇ ಬಿಟ್ಟ. ಊಹೂಂ. ಬಾಗಿಲು ತೆಗೆದು ಇಳಿದು ಅರಚಿದ. "ಮೇವಿಸ್! ಈಚೆ ಬಾರೇ! ಆ ಮೀನು ಹಾಳಾಗಿ ಹೋಗ್ಲಿ!"

ಅವಳು ಮತ್ತೂ ಒಂದು ಹೆಜ್ಜೆ ಆಚೆಗೇ ಇಟ್ಟಳು. ಹಾರ್ಲನ್ ಹಾಕಿದ್ದ ನುಣುಪು ಅಟ್ಟೆಯ ಬೂಟಿನಲ್ಲೇ ಹೊಳೆಗೆ ನುಗ್ಗಿದ. ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಪಾಚಿ ಕಲ್ಲಿನ ಮೇಲೆ ಕಾಲು ಜಾರಿ ದೊಪ್ಪೆಂದು ಮಕಾಡೆ ಬಿದ್ದ. ಏಳಲು ಹೋದರೆ ನೀರಿನ ಸೆಳೆತ ಬಿಡಲಿಲ್ಲ. ಅವನ ಟೋಪಿ ತೇಲಿಕೊಂಡು ಮೇವಿಸ್‌ಳ ಪಕ್ಕದಲ್ಲೇ ಹಾದುಹೋಯಿತು.

ಅವಳು ಟೋಪಿ ನೋಡಿ ಹಿಂದೆ ತಿರುಗಿದಳು. ದಾರವನ್ನು ಕೈಗೆ ಸುತ್ತಿ ಪಟ್ಟನೆ ಕಡಿದು ಮೀನನ್ನು ಹೋಗಗೊಟ್ಟಳು. ಬಂದು ಅವನ ಕೊರಳಪಟ್ಟಿ ಹಿಡಿದು, ಬೈಯುತ್ತಲೇ ದಡಕ್ಕೆ ಎಳೆದುಹಾಕಿದಳು.

ಗಾಡಿಯಲ್ಲಿ ಹೀಟರ್ ಹಾಕಿ, ಒದ್ದೆ ಕೋಟು ಕಿತ್ತೆಸೆದು, ಅವನಿಗೆ ಕಂಬಳಿ ಸುತ್ತಿದಳು.

"ಸೈರನ್ ಕೂಗ್ತು ಕಣೇ! ಹಾರ್ನ್ ಒತ್ತಿ ಒತ್ತಿ ಕೈ ಬಿದ್ಹೋಯ್ತು!" ಹಾರ್ಲನ್ ಅವಳ ಕಿವಿಯ ಹತ್ತಿರ ಕಿರುಚಿದ.

"ಮಷೀನಿದ್ದಾಗ್ಲೂ ಹೊಳೆ ಸದ್ದಲ್ಲಿ ಹಾರ್ನ್ ನಂಗೆ ಯಾವತ್ತು ಕೇಳ್ಸಿದೆ?"

"ಮತ್ತೆ ದಿನಾ ಒತ್ತಿದ ಮೇಲೆ ಬರ್ತಿದ್ಯಲ್ಲ!"

"ಆ ಬಿಳೀ ಬಂಡೆ ನೋಡ್ಕೊಂಡು ಬರ್ತಿದ್ದೆ. ಅದರ ಬುಡ ಮುಳುಗಿದ್ರೆ ನೀರು ಬಂತು ಅಂತ. ಆಮೇಲೂ ಈಚೆ ಬರೋಕೆ ಬೇಕಾದಷ್ಟು ಹೊತ್ತಿರತ್ತೆ."

ಹಾರ್ಲನ್ ಗಾಜು ಒರೆಸಿ ನೋಡಿದ. ಬಂಡೆಯ ಬುಡ ಈಗಷ್ಟೇ ಮುಳುಗುತ್ತಿತ್ತು. ಅವನಿಗೆ ಮೈಯೆಲ್ಲ ಉರಿದುಹೋಯಿತು.

"ಹಾಗಾದ್ರೆ ನನ್ನನ್ಯಾಕೆ ಇಷ್ಟು ವರ್ಷ ಈ ಚಳೀಲಿ ತಂದು ಕೂರಿಸ್ದೆ, ಪುಣ್ಯಾತ್ಗಿತ್ತಿ?"

"ಹಿಡಿದ ಮೀನು ಎತ್ತಿ ತೋರ್ಸೋಕೆ ದಡದಲ್ಲಿ ಒಬ್ರು ಬೇಡ್ವಾ?"

ನಿಜ, ಬಿಡುವ ಮುಂಚೆ ಪ್ರತಿ ಮೀನನ್ನೂ ಅವಳು ಗಾಡಿಯ ಕಡೆಗೆ ಎತ್ತಿ ಹಿಡಿಯುತ್ತಿದ್ದಳು. ಇವನು ಪೇಪರಿನಿಂದ ತಲೆಯೆತ್ತದೆ ಕೈ ಬೀಸುತ್ತಿದ್ದ.

"ಒಪ್ಪಂದ ನೆನಪಿದೆ ತಾನೆ?" ಮೇವಿಸ್ ಕೇಳಿದಳು. "ಎಳೆಸ್ಕೊಂಡೋರು ಯಾರು ಇವತ್ತು? ನಾಳೆಯಿಂದ ಮನೇಲಿರು. ಒಲೆ ಮುಂದೆ ಕೂತ್ಕೋ."

ಎಷ್ಟೋ ವರ್ಷದಿಂದ ಬಯಸಿದ್ದು ಇದನ್ನೇ. ಆದರೆ ಮನೆಯಲ್ಲಿ ಒಬ್ಬನೇ ಕೂತು ಗಡಿಯಾರ ನೋಡುವುದನ್ನು ನೆನೆದದ್ದೇ ಅವನಿಗೆ ಒಲೆಯೇ ಬೇಡವಾಯಿತು.

"ಗಾಡಿ ನಿಂತಿರೋದು ದಡದ ಮೇಲೆ. ದಡ ಹೊಳೆಯಲ್ಲ," ಎಂದ.

"ಕೆಳಗಿಳಿದ್ರೆ?"

"ಇಳಿಯಲ್ಲ ಅಂದ್ನಲ್ಲ, ಮಾರಾಯ್ತಿ!"

ಮೇವಿಸ್ ನಕ್ಕು ಥರ್ಮಾಸಿನಿಂದ ಕಾಫಿ ಬಗ್ಗಿಸಿ ಅವನ ಕೈಗಿಟ್ಟಳು. ಅವನು ಒಂದು ಗುಟುಕು ಕುಡಿದು, "ಆ ಮೀನು ಎಷ್ಟು ದೊಡ್ಡದಿತ್ತು?" ಎಂದು ಕೇಳಿದ.

ಅವಳು ಎರಡೂ ಕೈ ಅಗಲಿಸಿದಳು.

"ಸುಳ್ಳು."

"ನೋಡಿದ್ಯಾ ನೀನು?"

"ಇಲ್ಲ," ಎಂದ ಹಾರ್ಲನ್. "ನಾಳೆ ನೋಡ್ತೀನಿ."